ರತ್ನದ ಚೆಲುವು ಮತ್ತು ಬೆಲೆ: ಒಬ್ಬ ವರ್ತಕನ ಅನುಭವ

(ಬಸದಿಯ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಚಿನ್ನಬೆಳ್ಳಿ ಅಂಗಡಿಯಲ್ಲಿ ಕುಳಿತವನು. ರತ್ನತ್ರಯವನ್ನು ಕುರಿತು ವಿದ್ವಾಂಸರು ಮಾತನಾಡಿದ ಈ ವೇದಿಕೆಯಲ್ಲಿ, ತಕ್ಕಡಿಯಲ್ಲಿ ತೂಗುವ ರತ್ನಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಬಲ್ಲಷ್ಟನ್ನು ವಿನಯದಿಂದ ನಿವೇದಿಸುತ್ತೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ವಾಸಿಸುವ ನಮಗೆ ಕಲ್ಲು ಹೊಸದಲ್ಲ. ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ ನಿತ್ಯ ಕಾಣುತ್ತೇವೆ. ಭೂವಿಜ್ಞಾನಿಗಳು ಇಲ್ಲಿನ ಬಂಡೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರಿಂದ ರಾಮನಗರಕ್ಕೆ ಹಿಂದೆ ಬಂದಿದ್ದ ಹೆಸರು ಅದು. ಈ ಬಂಡೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಇದರಲ್ಲಿ ನಸುಗೆಂಪಾಗಿ ಕಾಣುವುದು ಫೆಲ್ಡ್‌ಸ್ಪಾರ್. ಗಾಜಿನಂತೆ ಮಿನುಗುವುದು ಬೆಣಚು.

ಆದರೆ ಬೆಣಚು ತುಂಬಿದ ಬಂಡೆಯಲ್ಲಿ ಮಾಣಿಕ್ಯ ಹುಟ್ಟದು. ಮಾಣಿಕ್ಯವೆಂದರೆ ಕುರುಂದವೆಂಬ ಖನಿಜ. ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಆದದ್ದು. ಬೆಣಚಿನ ಅಂಶ ಹೆಚ್ಚಾಗಿದ್ದಲ್ಲಿ ಅಲ್ಯೂಮಿನಿಯಂ ಅದರೊಡನೆ ಕೂಡಿ ಬೇರೆ ಖನಿಜವಾಗುತ್ತದೆ. ಅದು ವಿರಳವಾದಲ್ಲಿ ಮಾತ್ರ ಭೂಗರ್ಭದ ಶಾಖ ಮತ್ತು ಒತ್ತಡದಿಂದ ಕುರುಂದ ಬೆಳೆಯುತ್ತದೆ. ಚನ್ನಪಟ್ಟಣದ ಸುತ್ತಿನಲ್ಲಿ ಕುರುಂದವೂ ಮಾಣಿಕ್ಯ ಜಾತಿಯ ಕೆಂಪು ಕಲ್ಲೂ ದೊರೆತಿವೆ. ಇಂಗ್ಲಿಷರು ಈ ಖನಿಜಕ್ಕೆ ಹೇಳುವ ಕೊರಂಡಂ ಎಂಬ ಹೆಸರು ನಮ್ಮ ದಕ್ಷಿಣದ ಮಾತುಗಳಿಂದಲೇ ಹೋದದ್ದು.

ಶುದ್ಧ ಕುರುಂದಕ್ಕೆ ಬಣ್ಣವಿಲ್ಲ. ಅದರಲ್ಲಿ ಕ್ರೋಮಿಯಂ ಲೋಹ ಅತ್ಯಲ್ಪವಾಗಿ ಬೆರೆತರೆ ಮಾಣಿಕ್ಯದ ಕೆಂಪು; ಕಬ್ಬಿಣ ಮತ್ತು ಟೈಟೇನಿಯಂ ಬೆರೆತರೆ ನೀಲ. ಅದೇ ಕ್ರೋಮಿಯಂ ಬೆರಿಲ್ ಎಂಬ ಇನ್ನೊಂದು ಖನಿಜವನ್ನು ಸೇರಿದರೆ ಪಚ್ಚೆಯ ಹಸಿರು! ಕಲ್ಲಿನೊಳಗೆ ಕೂದಲಿಗಿಂತ ನವುರಾದ ರೂಟೈಲ್ ಖನಿಜದ ಸೂಜಿಗಳು ಸಾಲಾಗಿ ಸೇರಿದ್ದರೆ, ಗುಮ್ಮಟದಾಕಾರಕ್ಕೆ ಅರೆದು ದೀಪದ ಕೆಳಗೆ ಹಿಡಿದಾಗ ಆರು ಕಿರಣಗಳ ನಕ್ಷತ್ರ ಮೂಡುತ್ತದೆ. ನಾವು ಬೆರಕೆಯೆಂದು ಕರೆಯುವುದೇ ಇಲ್ಲಿ ಚೆಲುವಿನ ಮೂಲ.

ಬೆಲೆಯ ಮಾತು ಬೇರೆ. ಮಬ್ಬಾದ ಕುರುಂದ ಸಾಣೆ ಹಿಡಿಯಲು ಹೋಗುತ್ತದೆ. ಬೆಳಕು ಹಾಯುವ ಕುರುಂದ ಉಂಗುರವನ್ನೇರುತ್ತದೆ. ಎರಡೂ ಒಂದೇ ಖನಿಜ. ಗಟ್ಟಿತನದಲ್ಲಿ ವಜ್ರಕ್ಕೆ 10ನೆಯ ಅಂಕ, ಮಾಣಿಕ್ಯಕ್ಕೆ 9, ಬೆಣಚಿಗೆ 7. ಬೀದಿಯ ಧೂಳಿನಲ್ಲಿ ಬೆಣಚಿನ ಕಣಗಳಿರುವುದರಿಂದ, ಅದಕ್ಕಿಂತ ಮೆದುವಾದ ಕಲ್ಲುಗಳು ಒರೆಸಿ ಒರೆಸಿ ಮಂಕಾಗುತ್ತವೆ; ಅಜ್ಜಿಯ ಮಾಣಿಕ್ಯ ಮೊಮ್ಮಗಳ ಕೈಯಲ್ಲೂ ಹೊಳೆಯುತ್ತದೆ. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. 2 ಕ್ಯಾರಟ್ಟಿನ ನಿರ್ಮಲ ಕಲ್ಲಿಗೆ, ಅದೇ ಗುಣದ 1 ಕ್ಯಾರಟ್ಟಿನ ಕಲ್ಲಿನ ಇಮ್ಮಡಿಗಿಂತಲೂ ಹೆಚ್ಚು ಬೆಲೆ. ದೊಡ್ಡದು ಅಷ್ಟು ದುರ್ಲಭ.

ಇನ್ನು, 1902ರಲ್ಲಿ ಫ್ರಾನ್ಸಿನ ವರ್ನಯ್ ಎಂಬ ರಸಾಯನಶಾಸ್ತ್ರಜ್ಞರು ಕುಲುಮೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಅದೂ ಕುರುಂದವೇ; ಬಣ್ಣವೂ ಗಟ್ಟಿತನವೂ ಅವೇ. ಭೂತಗನ್ನಡಿಯಲ್ಲಿ ನೋಡಿದಾಗ ಬಾಗಿದ ಗೆರೆಗಳೂ ದುಂಡನೆಯ ಗುಳ್ಳೆಗಳೂ ಕಂಡರೆ ಕುಲುಮೆಯ ಗುರುತು. ನೆಲದಲ್ಲಿ ಹುಟ್ಟಿದ್ದರ ಬೆಲೆಯಲ್ಲಿ ಅಲ್ಪಾಂಶವೂ ಅದಕ್ಕಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸುಮಾರು 30 ವರ್ಷಗಳ ಹಿಂದೆ ಕನಕಪುರದ ಕಡೆಯ ರೇಷ್ಮೆ ಬೆಳೆಗಾರರೊಬ್ಬರು, ಗೂಡು ಮಾರಿದ ಹಣದಿಂದ ಮಗಳ ಮದುವೆಗೆ ಕೆಂಪಿನ ಉಂಗುರ ಕೊಂಡರು. ಸಗಟು ವ್ಯಾಪಾರಿಯ ಮಾತನ್ನು ನಂಬಿ, ಪರೀಕ್ಷಿಸದೆ, ಮಾಣಿಕ್ಯದ ಬೆಲೆಗೇ ಕೊಟ್ಟಿದ್ದೆ. ಕೆಲವು ತಿಂಗಳ ಬಳಿಕ ಅದೇ ಪೊಟ್ಟಣದಲ್ಲಿ ಉಳಿದ ಕಲ್ಲುಗಳನ್ನು ತಂದೆಯವರು ಭೂತಗನ್ನಡಿಯಲ್ಲಿ ನೋಡಿ, "ಇವು ಕುಲುಮೆಯವು" ಎಂದರು. "ಅವರಿಗೆ ತಿಳಿಯುವುದಿಲ್ಲ, ಅಪ್ಪಾಜಿ, ನೋಡಲು ಎರಡೂ ಒಂದೇ" ಎಂದೆ. "ಅವರಿಗೆ ತಿಳಿಯದು, ಸರಿ. ನಿನಗೆ ತಿಳಿಯಿತಲ್ಲ, ಮಗು?" ಎಂದರು.

ಮರುದಿನ ಹೆಚ್ಚುವರಿ ಹಣವನ್ನು ಹಿಡಿದು ಬಸ್ಸು ಹತ್ತಿದೆ. ಆ ಹಿರಿಯರು ಹಣವನ್ನು ಎಣಿಸಿಕೊಂಡು, "ಬೀಗರ ಮುಂದೆ ಮಾಣಿಕ್ಯವೆಂದು ಹೇಳಿಬಿಟ್ಟೆನಲ್ಲ ಸ್ವಾಮಿ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅವರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಉಂಗುರದ ಹೊಳಪು ಕುಂದಿರಲಿಲ್ಲ. ಕುಂದಿದ್ದು ನನ್ನ ಮಾತಿನ ಬೆಲೆ.

ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ, ತೂಕ ಅಳತೆಗಳ ಮೋಸದ ಜೊತೆಗೆ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದ್ದಾರೆ. ಒಂದರ ಹೆಸರಿನಲ್ಲಿ ಅದರಂತೆ ಕಾಣುವ ಇನ್ನೊಂದನ್ನು ಮಾರುವುದೂ ಕಳ್ಳತನದ ಸಾಲಿಗೆ ಸೇರಿದ್ದು. ಕುಲುಮೆಯ ಕಲ್ಲನ್ನು ಮಾರುವುದು ದೋಷವಲ್ಲ. ನೆಲದ್ದೆಂದು ಮಾರುವುದು ದೋಷ. ಇಂದು ಬಿರುಕುಗಳಿಗೆ ಸೀಸದ ಗಾಜು ತುಂಬಿದ ಮಾಣಿಕ್ಯಗಳೂ ಪೇಟೆಯಲ್ಲಿವೆ. ಆದ್ದರಿಂದ ವರ್ತಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಕಲ್ಲು ನೆಲದ್ದೋ ಕುಲುಮೆಯದೋ, ಕಾಯಿಸಿದ್ದೋ ಗಾಜು ತುಂಬಿದ್ದೋ, ಕೊಡುವ ರಸೀದಿಯಲ್ಲಿ ಬರೆಯಿರಿ. ಕೊಳ್ಳುವವರೂ ಸಂಕೋಚಪಡದೆ ಕೇಳಿ ಬರೆಸಿಕೊಳ್ಳಿರಿ.

ಮೂಡುಬಿದಿರೆಯ ಗುರುಬಸದಿಯಲ್ಲಿ ರತ್ನಬಿಂಬಗಳ ದರ್ಶನ ಮಾಡಿದವರು ಈ ಸಭೆಯಲ್ಲಿ ಅನೇಕರಿದ್ದೀರಿ. ಅಲ್ಲಿ ಕ್ಯಾರಟ್ಟಿನ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ. ಅಂಗಡಿಗೆ ಮರಳಿದಾಗ ಲೆಕ್ಕ ಬೇಕು. ಆ ಲೆಕ್ಕ ಸುಳ್ಳಾಗದಿರಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.

ಜಯ ಜಿನೇಂದ್ರ.