ಎದುರಿನ ಎಲೆ

ಮುಂಬಯಿಯ ಮಾಟುಂಗ ರೈಲು ನಿಲ್ದಾಣದ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಲ್ಲಿ ಶುರುವಾದ ಊಟದ ಮನೆ. ಮಧ್ಯಾಹ್ನದ ಹೊತ್ತು ನಮಗೆಂದೇ ಮೇಜು ಸಿಗುವುದು ಕಷ್ಟ. ಖಾಲಿಯಾದ ಕುರ್ಚಿಯಲ್ಲಿ ಕೂರಬೇಕು. ಎದುರಿಗೆ ಗುಜರಾತಿ ವ್ಯಾಪಾರಿ, ಪಕ್ಕದಲ್ಲಿ ಕಾಲೇಜು ಹುಡುಗಿ. ಹೆಸರು ಗೊತ್ತಿಲ್ಲ, ಆದರೂ ಉಪ್ಪಿನಕಾಯಿ ಕೈಯಿಂದ ಕೈಗೆ ದಾಟುತ್ತದೆ. ಅನ್ನದ ನಡುವೆ ಗುಳಿ ಮಾಡಿ ಸಾರು ಸುರಿದುಕೊಳ್ಳುವುದನ್ನು ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುತ್ತಾರೆ.

ಈ ನಗರದ ಉಡುಪಿ ಹೋಟೆಲುಗಳಿಗೆ ನಾನು ಕೈಮುಗಿಯುವುದು ಬರೀ ರುಚಿಗಲ್ಲ. ಕರಾವಳಿಯ ಬಡ ಮನೆಗಳಿಂದ ಬಂದ ಎಷ್ಟೋ ಹುಡುಗರು ಹಗಲು ಇಲ್ಲಿ ಲೋಟ ತೊಳೆದರು, ಮೇಜು ಒರೆಸಿದರು. ಸಂಜೆ ಕೈ ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತರು. ಹಾಗೆ ಓದಿ ವಕೀಲರಾದವರಿದ್ದಾರೆ, ಸ್ವಂತ ಹೋಟೆಲು ತೆರೆದವರಿದ್ದಾರೆ. ನಿದ್ದೆಗಣ್ಣಿನಲ್ಲಿ ಮಗ್ಗಿ ಹೇಳಿದ ಆ ಮಕ್ಕಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಮೊನ್ನೆ ಊಟ ಮುಗಿಸುವಾಗ ಬಡಿಸುವ ಹಿರಿಯರು ಬಳಿ ಬಂದರು. ನನ್ನ ಮಾತಿನ ಧಾಟಿ ಹಿಡಿದು, “ಯಾವೂರಾಯ್ತು?” ಎಂದರು. ಹೇಳಿದೆ. ಅವರು ಮತ್ತೇನೂ ಕೇಳಲಿಲ್ಲ. ಎಲೆಯ ತುದಿಗೆ ಇನ್ನೊಂದು ಸೌಟು ಪಾಯಸ ಬಡಿಸಿದರು.