ಸೌಹಾರ್ದಕ್ಕೊಂದು ಕೆಲಸ ಬೇಕು



ನಮ್ಮ ಕಡೆ ಭಾವೈಕ್ಯದ ಮೇಲೆ ಉಪನ್ಯಾಸ ಕೊಡುವುದು ಬಹಳ ಸುಲಭದ ಕೆಲಸ. ಶಿರಹಟ್ಟಿಯ ಫಕೀರೇಶ್ವರ, ಲಕ್ಷ್ಮೇಶ್ವರದ ದೂದಪೀರಾ ದರ್ಗಾ, ಪಕ್ಕದ ಶಿಶುನಾಳದ ಶರೀಫಜ್ಜ, ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಪಂಜಾ ಕೂಡಿಸುವ ಮೊಹರಂನ ಅಲಾಯಿ ಹಬ್ಬ ಎಂದು ಹೆಸರು ಹೇಳುತ್ತ ಹೋದರೆ ಒಂದು ತಾಸು ಕಳೆಯುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಮರುದಿನ ಯಾರಿಗೂ ಮಾಡಲು ಕೆಲಸವೇನೂ ಉಳಿದಿರುವುದಿಲ್ಲ. ಇವತ್ತು ಆ ದಾರಿ ಬಿಟ್ಟು ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ನಮ್ಮ ಜಿಲ್ಲೆಯ ಭಾವೈಕ್ಯ ಯಾವಾಗ ಸರ್ಕಾರದ ಬಾಗಿಲು ತಟ್ಟಿತು? ಬೇರೆ ಬೇರೆ ದೇವರಿಗೆ ಕೈಮುಗಿಯುವವರು ಒಂದೇ ಮನವಿಗೆ ಸಹಿ ಹಾಕಿದ್ದು ಯಾವಾಗ, ಏನನ್ನು ಕೇಳಿ?

ಮೊದಲು ನೆಲದ ಮಾತು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇವತ್ತು ಒಂದೇ ಜಿಲ್ಲೆಯಲ್ಲಿವೆ. ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಐವತ್ತು ವರ್ಷ ಹಿಂದೆ ಹೋಗಿ ನೋಡಿರಿ: ಗದಗ, ಮುಂಡರಗಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿ; ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ; ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ. ಮುಂಡರಗಿ ದಾಟಿದರೆ ನಿಜಾಮನ ಸೀಮೆ. ಹೈದರಾಬಾದ್ ವಿಮೋಚನೆಯ ಹೊತ್ತಿಗೆ ಹೋರಾಟಗಾರರ ಶಿಬಿರ ಮುಂಡರಗಿಯಲ್ಲಿ ನಡೆದದ್ದು ಈ ಗಡಿಯ ಕಾರಣಕ್ಕೇ. ಹತ್ತಿಪ್ಪತ್ತು ಹರದಾರಿಯೊಳಗೆ ಇಷ್ಟು ದೊರೆಗಳು. ಇವರಲ್ಲಿ ಯಾರ ಗಡಿಯನ್ನೂ ಲೆಕ್ಕಿಸದೆ ಜನ ಓಡಾಡುತ್ತಿದ್ದದ್ದು ಜಾತ್ರೆಗೆ, ಉರುಸಿಗೆ, ಸಂತೆಗೆ. ಜನರನ್ನು ದೊಡ್ಡದಾಗಿ ಕೂಡಿಸುವ ಶಕ್ತಿ ಇಲ್ಲಿ ಬಹಳ ಕಾಲ ಮಠ, ದರ್ಗಾಗಳ ಕೈಯಲ್ಲೇ ಇತ್ತು ಎಂಬುದನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಕೂಡಿ ಕೆಲಸ ಮಾಡುವ ಇನ್ನೊಂದು ರೂಢಿಯೂ ಈ ನೆಲದಲ್ಲಿದೆ. ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟರು ಸೇರಿ ಬೌದ್ಧ ವಿಹಾರ ಕಟ್ಟಿಸಿದ್ದನ್ನು 1095ರ ಶಾಸನ ಹೇಳುತ್ತದೆ. ಸಹಕಾರಿ ಕಾನೂನು 1904ರಲ್ಲಿ ಬಂದರೆ, ಮರುವರ್ಷವೇ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಸೇರಿಸಿ ಸಂಘ ಕಟ್ಟಿದರು. ಗದಗ ನಗರದ ತ್ರಿಕೂಟೇಶ್ವರ, ವೀರನಾರಾಯಣ ಮತ್ತು ಜುಮ್ಮಾ ಮಸೀದಿಗೆ ಒಂದೇ ಟ್ರಸ್ಟ್ ಕಮಿಟಿ. ಶೈವ, ವೈಷ್ಣವ, ಮುಸ್ಲಿಂ ಮೂವರ ಆಸ್ತಿ, ಬಾಡಿಗೆ, ರಿಪೇರಿಯ ಲೆಕ್ಕ ಒಂದೇ ಕಮಿಟಿಯ ಮುಂದೆ ಬರಬೇಕು. ನನ್ನ ಮಟ್ಟಿಗೆ ನೂರು ಭಾವೈಕ್ಯ ಸಮ್ಮೇಳನಗಳಿಗಿಂತ ಈ ಕಮಿಟಿ ದೊಡ್ಡದು. ಮನಸ್ಸು ಕೆಟ್ಟ ದಿನವೂ ಸಭೆಗೆ ಬಂದು ಸಹಿ ಹಾಕಲೇಬೇಕಲ್ಲ!

ಈಗ ಗದಗಿನ ತೋಂಟದಾರ್ಯ ಮಠಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1974ರಲ್ಲಿ ಪೀಠಕ್ಕೆ ಬಂದ ಡಾ. ಸಿದ್ಧಲಿಂಗ ಸ್ವಾಮೀಜಿ 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗುವವರೆಗೆ ಮಾಡಿದ ಕೆಲಸಗಳಲ್ಲಿ ಎರಡು ಎಳೆಗಳಿವೆ. ಒಂದು, ನಿತ್ಯದ ಎಳೆ. ಅಡ್ಡಪಲ್ಲಕ್ಕಿ ಬಿಟ್ಟರು. ವಾರ ತಪ್ಪದೆ ಸೋಮವಾರದ ಶಿವಾನುಭವ ನಡೆಸಿದರು. ಜಾತ್ರಾ ಸಮಿತಿಯಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರಿಗೆ ಹೊಣೆ ಕೊಟ್ಟರು. ಮಠದ ಕಡೆಯಿಂದ ಡಂಬಳದಲ್ಲಿ ನಡೆಯುವ ರೊಟ್ಟಿ ಜಾತ್ರೆಯಲ್ಲಿ ಮನೆಮನೆಯಿಂದ ಬಂದ ಜೋಳದ ರೊಟ್ಟಿ, ಮೇಲೆ ಕರಿಂಡಿ, ಯಾರ ಮನೆಯ ರೊಟ್ಟಿ ಯಾರ ಗಂಗಾಳಕ್ಕೆ ಬಿತ್ತು ಎಂದು ಗುರುತು ಹಿಡಿಯಲು ಬಾರದ ಹಾಗೆ ಬಡಿಸುವ ಪದ್ಧತಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ಅವರಿಗೆ ಬಂದದ್ದು ಇಂಥ ಕೆಲಸಗಳಿಗೆ.

ಎರಡನೆಯದು ಬೇಡಿಕೆಯ ಎಳೆ. ಕನ್ನಡಕ್ಕಾಗಿ ನಡೆದ ಗೋಕಾಕ ಚಳವಳಿಯಲ್ಲಿ ಬೀದಿಗಿಳಿದ ಮಠ ಆಮೇಲೆ ಒಳಗೆ ಹೋಗಿ ಕದ ಹಾಕಿಕೊಳ್ಳಲಿಲ್ಲ. 2010ರ ಜೂನಿನಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆದು, ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿ ಸುಮಾರು 32 ಸಾವಿರ ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು. ಜಾಗ: ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ. ಬೇಕಾದ ಭೂಮಿ ಮೂರು ಸಾವಿರ ಎಕರೆಗೂ ಹೆಚ್ಚು, ಅದೂ ನಮ್ಮ ಎರೆಭೂಮಿ. ಭೂಸ್ವಾಧೀನದ ನೋಟಿಸು ಬರುವುದು ಸರ್ವೆ ನಂಬರಿಗೆ, ಜಾತಿಗಲ್ಲ. ಲಿಂಗಾಯತನ ಹೊಲಕ್ಕೂ ಮುಸ್ಲಿಮನ ಹೊಲಕ್ಕೂ ಬದುವು ಒಂದೇ ಇದ್ದರೆ ಇಬ್ಬರಿಗೂ ಒಂದೇ ದಿನ ಒಂದೇ ಕಾಗದ. ಹೀಗೆ ಸರ್ಕಾರವೇ ಜನರನ್ನು ಒಂದು ಮಾಡಿಕೊಟ್ಟಿತು. ಸ್ವಾಮೀಜಿ ಮಾಡಿದ್ದು ಆ ಒಗ್ಗಟ್ಟಿಗೆ ಗದಗಿನಲ್ಲಿ ವೇದಿಕೆ ಕೊಟ್ಟದ್ದು, ಮುಂದೆ ನಿಂತದ್ದು. 2011ರ ಜುಲೈನಲ್ಲಿ ಹೋರಾಟ ಏರಿದಾಗ ಮುಖ್ಯಮಂತ್ರಿ ಯಡಿಯೂರಪ್ಪನವರು ಸ್ವಾಧೀನ ಕೈಬಿಡುವುದಾಗಿ ಹೇಳಬೇಕಾಯಿತು. ಎರಡು ವರ್ಷಕ್ಕೆ, 2013ರ ಜುಲೈನಲ್ಲಿ, ಕಂಪನಿಯೇ ರಾಜ್ಯದ ಯೋಜನೆಯಿಂದ ಹಿಂದೆ ಸರಿಯಿತು. ಜಮೀನು ಕೊಟ್ಟು ಪರಿಹಾರ ಪಡೆಯಲು ಸಿದ್ಧರಿದ್ದ ರೈತರೂ ಇದ್ದರು, ಅದನ್ನು ಮುಚ್ಚಿಡಬಾರದು. ಮಳೆ ನೆಚ್ಚಿದ ಹೊಲದಲ್ಲಿ ಸಾಲ ಹೊತ್ತವನಿಗೆ ಕೈಗೆ ಬರುವ ರೊಕ್ಕ ಸಣ್ಣ ಮಾತಲ್ಲ. ಅವರ ಪ್ರಶ್ನೆಗೆ ಹೋರಾಟ ಪೂರ್ತಿ ಉತ್ತರ ಕೊಡಲಿಲ್ಲ ಎಂದೇ ನನ್ನ ಅಭಿಪ್ರಾಯ.

ಕಪ್ಪತಗುಡ್ಡದ ಹೋರಾಟ ಇನ್ನೂ ಕಲಿಸುವಂಥದ್ದು. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ಸೀಮೆಗೆ ಹರಡಿದ ಗುಡ್ಡ. ಮೇಲೆ ಔಷಧಿ ಸಸ್ಯ, ಒಳಗೆ ಚಿನ್ನ, ಕಬ್ಬಿಣ. 2015ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. ವರ್ಷ ತುಂಬುವ ಮುಂಚೆ, 2016ರ ನವೆಂಬರಿನಲ್ಲಿ, ಆ ಆದೇಶ ವಾಪಸು ಪಡೆಯಿತು. ವನ್ಯಜೀವಿ ಕಾಯ್ದೆಯ 36ಎ ಕಲಮಿನ ಪ್ರಕಾರ ಇಂಥ ಘೋಷಣೆಗೆ ಮುಂಚೆ ಸ್ಥಳೀಯರ ಜತೆ ಸಮಾಲೋಚನೆ ಆಗಬೇಕು. ಅಂದರೆ ಜನ ಏನೆನ್ನುತ್ತಾರೆ ಎಂಬುದು ಕಾನೂನಿನ ಪ್ರಶ್ನೆಯೂ ಆಯಿತು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಸ್ವಾಮೀಜಿ ಮುಂದಾಳಾಗಿ ನಡೆದ ಅಹೋರಾತ್ರಿ ಧರಣಿ ಆ ಪ್ರಶ್ನೆಗೆ ಜನರು ಕೊಟ್ಟ ಉತ್ತರ. ಏಪ್ರಿಲ್ ಹೊತ್ತಿಗೆ ಆದೇಶ ಮರಳಿ ಬಂತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿ ಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ.

ಈ ಎರಡೂ ಹೋರಾಟಗಳಲ್ಲಿ ಭಾವೈಕ್ಯ ಎಂಬುದು ಬೇಡಿಕೆಯ ಪಟ್ಟಿಯಲ್ಲಿ ಇರಲೇ ಇಲ್ಲ, ಗಮನಿಸಿರಿ. ಕೇಳಿದ್ದು ಹೊಲ, ಕೇಳಿದ್ದು ಗುಡ್ಡ. ಕೇಳುವಾಗ ಕೂಡಿ ಕೇಳಿದರು. ನಾನು ಹೇಳಬೇಕಾದದ್ದು ಬಹುಮಟ್ಟಿಗೆ ಇಷ್ಟೇ.

ಹೀಗೆ ಕೂಡಿ ಕೇಳುವ ಪ್ರಯೋಗ ಬೇರೆ ಕಡೆಯೂ ನಡೆದಿದೆ. ಅಮೆರಿಕದ ಶಿಕಾಗೋದಲ್ಲಿ 1939ರಲ್ಲಿ ಸಾಲ್ ಅಲಿನ್‌ಸ್ಕಿ ಎಂಬ ಯೆಹೂದಿ ಯುವಕ ಕಸಾಯಿಖಾನೆ ಕೆಲಸಗಾರರ ಬಡಾವಣೆಯಲ್ಲಿ ಒಂದು ಮಂಡಳಿ ಕಟ್ಟಿದ. ಅಲ್ಲಿ ಪೋಲಿಷರ ಚರ್ಚು ಬೇರೆ, ಲಿಥುವೇನಿಯನ್ನರ ಚರ್ಚು ಬೇರೆ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವನು ಧರ್ಮಬೋಧೆಗೆ ಹೋಗಲಿಲ್ಲ. ಚರ್ಚುಗಳನ್ನೂ ಕಾರ್ಮಿಕ ಸಂಘವನ್ನೂ ಸಂಸ್ಥೆಗಳಾಗಿಯೇ ಒಂದು ಮೇಜಿನ ಸುತ್ತ ಕೂಡಿಸಿ, ಕೂಲಿ, ಮಕ್ಕಳ ಊಟದಂಥ ಬೇಡಿಕೆ ಹಿಡಿದು ಕಂಪನಿ ಮತ್ತು ನಗರಸಭೆಯ ಮುಂದೆ ನಿಲ್ಲಿಸಿದ. ಗದಗಿನವರು ಇದನ್ನು ಓದಿ ಮಾಡಿದವರಲ್ಲ; ಆದರೂ ಹಾದಿ ಅದೇ.

ಹಾಗಾದರೆ ಮಠ ರಾಜಕೀಯ ಮಾಡಬಹುದೇ? ಇದು ಪ್ರತಿ ಸಭೆಯಲ್ಲೂ ಏಳುವ ಪ್ರಶ್ನೆ. ಕಾನೂನಿನ ಗೆರೆ ಸಾಕಷ್ಟು ಸ್ಪಷ್ಟವಾಗಿದೆ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯುವ 1988ರ ಕಾಯ್ದೆ ಗುಡಿ, ಮಸೀದಿ, ಮಠದ ಜಾಗವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದು ಎನ್ನುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆ ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಚುನಾವಣೆಯ ಭ್ರಷ್ಟ ಆಚರಣೆ ಎನ್ನುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಆ ನಿಷೇಧವನ್ನು ಇನ್ನೂ ವಿಶಾಲವಾಗಿ ಅರ್ಥೈಸಿತು. ಹೊಲ ಉಳಿಸಿ, ಗುಡ್ಡ ಉಳಿಸಿ ಎಂದು ಯಾವ ಪಕ್ಷದ ಸರ್ಕಾರವಿದ್ದರೂ ಕೇಳುವುದು ಬೇರೆ, ಓಟು ಕೇಳುವುದು ಬೇರೆ. ಪೋಸ್ಕೋ ಕಾಲಕ್ಕೆ ಬಿಜೆಪಿ ಸರ್ಕಾರವಿತ್ತು, ಕಪ್ಪತಗುಡ್ಡದ ಕಾಲಕ್ಕೆ ಕಾಂಗ್ರೆಸ್ಸಿನದು. ಮಠ ಎರಡರ ಎದುರೂ ಕೂತಿತು. ಅದರ ಮಾತಿಗೆ ತೂಕ ಬಂದದ್ದು ಅದಕ್ಕೇ. 2024ರ ಏಪ್ರಿಲಿನಲ್ಲಿ ಶಿರಹಟ್ಟಿಯ ಫಕೀರೇಶ್ವರ ಮಠದ ಫಕೀರ ದಿಂಗಾಲೇಶ್ವರ ಸ್ವಾಮೀಜಿ ಧಾರವಾಡ ಲೋಕಸಭೆಗೆ ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿ ನಂತರ ಹಿಂದೆ ಪಡೆದರು. ಚುನಾವಣೆಗೆ ನಿಲ್ಲುವ ಹಕ್ಕು ಅವರಿಗಿತ್ತು. ಆದರೆ ಹಸಿರು, ಕಾವಿ ಎರಡನ್ನೂ ಧರಿಸುವ ಪರಂಪರೆಯ ಪೀಠ ಒಂದು ಕ್ಷೇತ್ರದ ಜಾತಿ ಲೆಕ್ಕಾಚಾರದೊಳಗೆ ಸಿಕ್ಕಿಕೊಂಡಾಗ, ನಾಳೆ ಅದೇ ಪೀಠ ಎಲ್ಲರ ಪರವಾಗಿ ಏನಾದರೂ ಕೇಳಿದರೆ ಕೇಳಿಸಿಕೊಳ್ಳುವವರು ಕಡಿಮೆಯಾಗುತ್ತಾರೆ ಎಂಬುದು ನನ್ನ ಆತಂಕ.

ತೋಂಟದಾರ್ಯ ಸ್ವಾಮೀಜಿಯವರೂ ತಟಸ್ಥರೇನಲ್ಲ. ಲಿಂಗಾಯತ ಪ್ರತ್ಯೇಕ ಧರ್ಮದ ಬೇಡಿಕೆಯನ್ನು ಅವರು ಬಲವಾಗಿ ಬೆಂಬಲಿಸಿದರು. ಅದು ಅನೇಕ ಮಠಗಳ ಜತೆ ಜಟಾಪಟಿಗೆ ಕಾರಣವಾಯಿತು. ಅವರು ಹೋದ ಮೇಲೆ ಅವರ ಜನ್ಮದಿನ ಫೆಬ್ರವರಿ 21ನ್ನು ಭಾವೈಕ್ಯ ದಿನವಾಗಿ ಆಚರಿಸಲು ಸರ್ಕಾರ ಹೊರಟಾಗ ಶಿರಹಟ್ಟಿ ಮಠದ ಕಡೆಯಿಂದ ಆಕ್ಷೇಪ ಬಂತು. ಭಾವೈಕ್ಯದ ಹೆಸರಲ್ಲೇ ಜಗಳ! ನಗಬೇಡಿರಿ, ಇದರಲ್ಲಿ ಒಂದು ಗಂಭೀರ ಸಂಗತಿಯಿದೆ. ಭಾವೈಕ್ಯ ಗೌರವದ ವಸ್ತುವಾದಾಗ ಅದಕ್ಕೆ ವಾರಸುದಾರರು ಹುಟ್ಟುತ್ತಾರೆ. ಕೆಲಸವಾಗಿ ಉಳಿದಾಗ ಯಾರಿಗೂ ವಾರಸು ಬೇಕಾಗುವುದಿಲ್ಲ.

ನಮ್ಮ ದೊಡ್ಡ ಕೊರತೆ ಇದಕ್ಕಿಂತ ಆಳದಲ್ಲಿದೆ. ಸ್ವಾಮೀಜಿ ಕರೆದಾಗ ಕೂಡುತ್ತೇವೆ. ಕರೆಯುವವರು ಹೋದರೆ ಚದುರುತ್ತೇವೆ. ಅಂಜುಮನ್, ದರ್ಗಾ ಕಮಿಟಿ, ಚರ್ಚಿನವರು ವೇದಿಕೆಯ ಮೇಲೆ ಅತಿಥಿಗಳಾಗಿ ಬರುತ್ತಾರೆ, ನಿರ್ಣಯ ಬರೆಯುವ ಕೋಣೆಯೊಳಗೆ ಬರುವುದಿಲ್ಲ. ಹೆಂಗಸರು ರೊಟ್ಟಿ ಬಡಿಯುತ್ತಾರೆ, ಸಮಿತಿಯಲ್ಲಿ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಗಣೇಶ ಹಬ್ಬಕ್ಕೋ ಈದ್‌ಗೋ ಮುಂಚೆ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ. ಎಲ್ಲ ಧರ್ಮದ ಮುಖಂಡರು ಕುರ್ಚಿಯ ಮೇಲೆ ಕೂತು, ಇನ್ಸ್‌ಪೆಕ್ಟರ್ ಹೇಳಿದ್ದಕ್ಕೆ ಹೂಂ ಎಂದು, ಚಹಾ ಕುಡಿದು ಏಳುತ್ತಾರೆ. ಸರ್ಕಾರ ಕರೆದಾಗ ಕೂಡುವ ಈ ಸೌಹಾರ್ದ ಸರ್ಕಾರವನ್ನು ಏನು ಕೇಳೀತು?

ಆದ್ದರಿಂದ ನನ್ನ ವಿನಂತಿ ಸಣ್ಣದು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕೂ ಕಡೆ ಕುಡಿಯುವ ನೀರಿನ ತಕರಾರಿದೆ, ಬೆಳೆವಿಮೆಯ ತಕರಾರಿದೆ, ಬೆಟಗೇರಿಯ ನೇಕಾರರ ತಕರಾರಿದೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿರಿ. ಮಠ, ಜಮಾತ್, ಚರ್ಚು, ಸ್ತ್ರೀಶಕ್ತಿ ಸಂಘ ಇವುಗಳಿಂದ ಇಬ್ಬಿಬ್ಬರನ್ನು ಕರೆದು ಸಮಿತಿ ಮಾಡಿ, ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ನಡಾವಳಿ ಪುಸ್ತಕ ಇಡಿರಿ, ಖರ್ಚಿನ ಲೆಕ್ಕ ಎಲ್ಲರಿಗೂ ತೋರಿಸಿರಿ. ಮೊದಲ ಮನವಿ ಪತ್ರವನ್ನು ತಹಶೀಲ್ದಾರರಿಗೆ ಕೊಟ್ಟ ದಿನ ನನಗೂ ಹೇಳಿ ಕಳಿಸಿರಿ, ಸಹಿ ಹಾಕಲು ಬರುತ್ತೇನೆ.