ಹೊರದೇಶದ ಕಾನೂನಿನಲ್ಲಿ ಅವಲಂಬಿತರು ಯಾರು?



"ಓದು ಮುಗಿಸಿ ಹೊರದೇಶದಲ್ಲಿ ಕೆಲಸ ಹಿಡಿಯುತ್ತೇನೆ, ಅಪ್ಪ ಅಮ್ಮನಿಗೆ ವಯಸ್ಸಾದ ಮೇಲೆ ಅಲ್ಲಿಗೇ ಕರೆಸಿಕೊಳ್ಳುತ್ತೇನೆ." ಈ ಮಾತು ಬೆಂಗಳೂರು, ಮೈಸೂರುಗಳಲ್ಲಷ್ಟೇ ಅಲ್ಲ, ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಗಳಲ್ಲೂ ಕೇಳಿಬರುವಂಥದು. ಆಸೆ ಒಳ್ಳೆಯದೇ. ಆದರೆ ಇದು ಮಕ್ಕಳ ಮನಸ್ಸಿನಿಂದ ಮಾತ್ರ ತೀರ್ಮಾನವಾಗುವ ವಿಷಯವಲ್ಲ. ಆ ದೇಶದ ವೀಸಾ ನಿಯಮಗಳೂ ಒಪ್ಪಬೇಕು. ಆ ನಿಯಮಗಳು ಏನು ಕೇಳುತ್ತವೆ ಎಂಬುದನ್ನು ಇಂದು ನೋಡೋಣ.

ಮೊದಲು ನಮ್ಮ ಪಕ್ಕದಲ್ಲೇ ಇರುವ ಒಂದು ಉದಾಹರಣೆ. ಇಂದು ಹನೂರು ತಾಲ್ಲೂಕಿಗೆ ಸೇರಿರುವ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟನ್ನರ ವಸತಿ ಇದೆ. ಅವರು ವೀಸಾ ಪಡೆದು, ಬ್ಯಾಂಕಿನಲ್ಲಿ ಹಣ ತೋರಿಸಿ ಬಂದವರಲ್ಲ. ನೆಲೆ ಕಳೆದುಕೊಂಡು ಬಂದವರು. ಸರ್ಕಾರ ಭೂಮಿ ಕೊಟ್ಟಿತು, ಅವರು ಬೇಸಾಯ ಮಾಡಿದರು. ಆದರೂ ಭಾರತದ ಪೌರತ್ವವಿಲ್ಲದವರು ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು ಎಂಬುದನ್ನು ದೆಹಲಿ ಹೈಕೋರ್ಟು 2010ರಲ್ಲಿ ಒಬ್ಬ ಟಿಬೆಟನ್ ಮಹಿಳೆಯ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆ ದಿನಾಂಕದ ನಂತರ ಹುಟ್ಟಿದವರಿಗೆ ಇಲ್ಲಿ ಹುಟ್ಟಿದ್ದಷ್ಟೇ ಸಾಲದು. ಪರದೇಶದಲ್ಲಿ ವಾಸ ಎಂಬುದು ಎಷ್ಟು ವರ್ಷವಾದರೂ ಒಂದು ಅನುಮತಿ ಎಂಬುದನ್ನು ಇದರಿಂದ ತಿಳಿಯಬಹುದು.

ಇನ್ನು ನಿವೃತ್ತರಾಗಿ ಹೋಗುವವರ ವಿಚಾರ. ದುಡಿಯಲು ಬಾರದ ವ್ಯಕ್ತಿಯನ್ನು ಒಂದು ದೇಶ ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತದೆ. ದುಡಿಯದೆ ಬರುವ ವರಮಾನ ಎಷ್ಟು? ಕಾಯಿಲೆ ಬಿದ್ದರೆ ಖರ್ಚು ಕೊಡುವವರು ಯಾರು? ನಿಮ್ಮನ್ನು ನಂಬಿ ಜೊತೆಯಲ್ಲಿ ಬರುವವರು ಎಷ್ಟು ಜನ?

ಥಾಯ್ಲೆಂಡ್ 50 ವರ್ಷ ತುಂಬಿದವರಿಗೆ ನಿವೃತ್ತಿ ವಾಸದ ಅನುಮತಿ ಕೊಡುತ್ತದೆ. ಅದಕ್ಕೆ ಅಲ್ಲಿನ ಬ್ಯಾಂಕಿನಲ್ಲಿ 8,00,000 ಬಾತ್ ಠೇವಣಿ ಇರಬೇಕು, ಇಲ್ಲವೆ ತಿಂಗಳಿಗೆ 65,000 ಬಾತ್ ವರಮಾನ ಇರಬೇಕು. ಸ್ಪೇನ್ ದೇಶದಲ್ಲಿ ದುಡಿಮೆಯಿಲ್ಲದೆ ವಾಸಿಸುವ ವೀಸಾ ಇದೆ. ಸರ್ಕಾರ ನಿಗದಿ ಮಾಡಿರುವ ಒಂದು ಆದಾಯ ಮಾನದ ನಾಲ್ಕು ಪಟ್ಟು ವರಮಾನವನ್ನು ಅರ್ಜಿದಾರರು ತೋರಿಸಬೇಕು. ಜೊತೆಗೆ ಬರುವ ಪ್ರತಿಯೊಬ್ಬ ಅವಲಂಬಿತರಿಗೂ ಇನ್ನೊಂದು ಪಟ್ಟು ಸೇರಿಸಬೇಕು. ಅಂದರೆ ಗಂಡ ಹೆಂಡತಿ ಹೋದರೆ ಐದು ಪಟ್ಟು, ಒಂದು ಮಗುವೂ ಇದ್ದರೆ ಆರು ಪಟ್ಟು. ನಮ್ಮಲ್ಲಿ "ಇನ್ನೊಂದು ತಟ್ಟೆ ಇಟ್ಟರಾಯಿತು" ಎನ್ನುತ್ತೇವೆ. ಅಲ್ಲಿ ಆ ತಟ್ಟೆಯ ಲೆಕ್ಕವನ್ನು ಮೊದಲೇ ಒಪ್ಪಿಸಬೇಕು.

ನಮ್ಮವರಲ್ಲಿ ಬಹುಮಂದಿ ಹೀಗೆ ಸ್ವಂತ ಹಣದ ಮೇಲೆ ಹೋಗುವವರಲ್ಲ, ಮಕ್ಕಳ ಬಳಿಗೆ ಹೋಗುವವರು. ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಿ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುವವರ ಅವಲಂಬಿತರು ಎಂದರೆ ಗಂಡ ಅಥವಾ ಹೆಂಡತಿ, ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳು. ಆ ಪಟ್ಟಿಯಲ್ಲಿ ತಂದೆತಾಯಿ ಇಲ್ಲ. ಅವರು ಸಂದರ್ಶಕರಾಗಿ ಹೋಗಿ ಬರಬಹುದು. ಅವರನ್ನು ಕಾಯಂ ಆಗಿ ಕರೆಸಿಕೊಳ್ಳಬೇಕಾದರೆ ಮಗ ಅಥವಾ ಮಗಳು ಅಮೆರಿಕದ ಪೌರರಾಗಿರಬೇಕು, 21 ವರ್ಷ ತುಂಬಿರಬೇಕು. ಅಲ್ಲಿನ ಬಡತನದ ರೇಖೆಯ ಶೇಕಡಾ 125ರಷ್ಟಾದರೂ ಆದಾಯವಿದೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪದ ಕಾರಣ, ಅಷ್ಟು ಹೊತ್ತಿಗೆ ಆ ಮಕ್ಕಳು ಭಾರತದ ಪೌರತ್ವ ಬಿಟ್ಟಿರುತ್ತಾರೆ.

ಬ್ರಿಟನ್ 2012ರಲ್ಲಿ ನಿಯಮವನ್ನು ಬಿಗಿ ಮಾಡಿತು. ವಯಸ್ಸು, ಕಾಯಿಲೆ ಅಥವಾ ಅಂಗವಿಕಲತೆಯಿಂದ ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆರೈಕೆ ಬೇಕು, ಆ ಆರೈಕೆ ಸ್ವದೇಶದಲ್ಲಿ ದೊರೆಯುವುದಿಲ್ಲ ಎಂದು ತೋರಿಸಿದರೆ ಮಾತ್ರ ತಂದೆತಾಯಿಗೆ ವಾಸದ ಅವಕಾಶ. ಆಸ್ಟ್ರೇಲಿಯ ಮಕ್ಕಳ ತಲೆ ಎಣಿಸುತ್ತದೆ: ಸಾಮಾನ್ಯವಾಗಿ ಮಕ್ಕಳಲ್ಲಿ ಅರ್ಧದಷ್ಟಾದರೂ ಅಲ್ಲಿ ನೆಲೆಸಿರಬೇಕು, ಇಲ್ಲವೆ ಬೇರೆ ಯಾವುದೇ ಒಂದು ದೇಶಕ್ಕಿಂತ ಅಲ್ಲಿ ಹೆಚ್ಚು ಮಂದಿ ಇರಬೇಕು. ಒಬ್ಬ ಮಗಳು ಸಿಡ್ನಿಯಲ್ಲಿ, ಇಬ್ಬರು ಗಂಡುಮಕ್ಕಳು ಯಳಂದೂರಿನಲ್ಲಿ ಇದ್ದರೆ ಈ ಲೆಕ್ಕ ಕೂಡುವುದಿಲ್ಲ. ಕೆನಡಾ ತಂದೆತಾಯಿಗೆ ಕೊಡುವ ವಿಶೇಷ ವೀಸಾದಲ್ಲಿ 2022ರಿಂದ ಒಮ್ಮೆಗೆ ಐದು ವರ್ಷ ಇರಬಹುದು. ಆದರೆ ಕನಿಷ್ಠ 1,00,000 ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ ಬೇಕು, ಮಕ್ಕಳಿಗೆ ನಿಗದಿತ ಆದಾಯವೂ ಇರಬೇಕು.

ಈಗ ನಮ್ಮ ದೇಶದ ಕಾನೂನನ್ನು ನೋಡಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯ ಪ್ರಕಾರ, ಸ್ವಂತ ವರಮಾನದಿಂದ ಬದುಕಲಾಗದ ತಂದೆತಾಯಿಯನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆ. ಹೊರದೇಶದಲ್ಲಿರುವ ಭಾರತದ ಪೌರರಿಗೂ ಈ ಕಾಯಿದೆ ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ ಇಂಥ ದೂರುಗಳನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿ ವಿಚಾರಿಸುತ್ತದೆ. ಹೀಗೆ ಒಬ್ಬನೇ ಮಗನಿಗೆ ಎರಡು ಕಾನೂನು. ಇಲ್ಲಿನದು "ತಂದೆತಾಯಿ ನಿನ್ನ ಅವಲಂಬಿತರು" ಎನ್ನುತ್ತದೆ. ಅಲ್ಲಿನದು "ನಿನ್ನ ಅವಲಂಬಿತರ ಪಟ್ಟಿಯಲ್ಲಿ ಅವರಿಲ್ಲ" ಎನ್ನುತ್ತದೆ. ಈ ಎರಡರ ನಡುವೆ ಸಿಕ್ಕಿಕೊಳ್ಳುವವರು ಊರಿನ ಮನೆಯಲ್ಲಿ ಕಾಯುತ್ತಿರುವ ಹಿರಿಯರು.

ಹಾಗೆಂದು ಹೊರದೇಶಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗುವ ಮೊದಲೇ ಈ ಲೆಕ್ಕವನ್ನು ಮನೆಯವರೊಂದಿಗೆ ಕುಳಿತು ಮಾಡಿ. "ಕರೆಸಿಕೊಳ್ಳುತ್ತೇನೆ" ಎಂಬ ಭರವಸೆಯ ಮೇಲೆ ಅಪ್ಪ ಜಮೀನು ಮಾರಲು, ಅಮ್ಮ ಮನೆ ಖಾಲಿ ಮಾಡಲು ಹೊರಟರೆ, ಕಾಗದ ಕೈಗೆ ಬರುವವರೆಗೆ ತಡೆಯಿರಿ. ಪಿಂಚಣಿ ಇರುವವರು ಹೊರದೇಶದಲ್ಲಿದ್ದರೂ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕೆಂಬುದನ್ನು ತಿಳಿಸಿ. ವೀಸಾ ನಿಯಮಗಳು ಮತ್ತು ಮೊತ್ತಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಏಜೆಂಟರ ಮಾತನ್ನಷ್ಟೇ ನಂಬದೆ, ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ಓದಿ.

ಕರೆಸಿಕೊಳ್ಳಲು ಆಗದಿದ್ದರೆ ಊರಿನಲ್ಲೇ ಅವರ ಔಷಧಿ, ಆರೈಕೆ, ಒಡನಾಟಕ್ಕೆ ಏನು ಏರ್ಪಾಡು ಎಂಬುದನ್ನೂ ಆಗಲೇ ಯೋಚಿಸಿಡಿ. ಅದಕ್ಕೆ ಯಾವ ದೇಶದ ಅನುಮತಿಯೂ ಬೇಕಾಗಿಲ್ಲ.